ಐದು ಊರು ಹಂಚಿಕೊಂಡ ಭಾರ

ಮನೀಷಾಗೆ ಖುಷಿಯಾದರೆ ಮೇಜು ಬಡಿಯುವ ರೂಢಿ. ಚಿಕ್ಕೋಡಿಯ ಪಂಚತೀರ ಹಾಲು ಸಂಘದ ಕಚೇರಿಯಲ್ಲಿ ಇದು ಎಲ್ಲರಿಗೂ ಗೊತ್ತು. ಒಳಗಿನಿಂದ ಧಡಧಡ ಸದ್ದು ಬಂದರೆ ಹೊರಗೆ ಕಟ್ಟೆಯ ಮೇಲೆ ಕೂತ ರೈತರು ಬೆಚ್ಚುವುದಿಲ್ಲ. "ಮೇಡಮ್ಮಾರ ಕೆಲಸ ಕೈಗೂಡ್ತು ಕಾಣಸ್ತೈತಿ" ಎಂದು ತಮ್ಮ ಮಾತು ಮುಂದುವರಿಸುತ್ತಾರೆ.

ಅವಳು ಏಕಸಂಬಿಯವಳು. ತಂದೆ ಜ್ಞಾನದೇವ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ತಾಯಿ ಶೇವಂತಾ ಹೊಲಗೆಲಸದ ಜೊತೆಗೆ ಮನೆಯಲ್ಲಿ ಎಮ್ಮೆ ಕಟ್ಟಿ ಡೇರಿಗೆ ಹಾಲು ಹಾಕುವವಳು. ಮನೆಯೊಳಗೆ ಮರಾಠಿ, ಹೊಸ್ತಿಲು ದಾಟಿದರೆ ಕನ್ನಡ. ಮನೀಷಾ ಎರಡನ್ನೂ ಒಂದೇ ಉಸಿರಿನಲ್ಲಿ ಆಡುತ್ತ ಬೆಳೆದಳು. ಚಿಕ್ಕೋಡಿಯಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿದ ಮೇಲೆ ಅವಳಿಗೆ ಮೊದಲು ಸಿಕ್ಕ ಕೆಲಸ ನಿಪ್ಪಾಣಿಯ ಒಂದು ಫೋಟೊ ಸ್ಟುಡಿಯೋದಲ್ಲಿ. ಮದುವೆಯ ವಿಡಿಯೋಗಳನ್ನೆಲ್ಲ ಅಲ್ಲಿ ಒಂದೇ ಡಿಸ್ಕಿನಲ್ಲಿ ತುಂಬುತ್ತಿದ್ದರು. ಪಕ್ಕದಲ್ಲಿ ಇನ್ನೆರಡು ಡಿಸ್ಕು ಖಾಲಿ ಕೂತಿರುತ್ತಿದ್ದವು. ಒಂದು ಮದುವೆ ಹಂಗಾಮಿನಲ್ಲಿ ಆ ತುಂಬಿದ ಡಿಸ್ಕು ಕಾದು ಕಾದು ಕೆಟ್ಟೇ ಹೋಯಿತು. ತನ್ನ ಮದುವೆಯ ವಿಡಿಯೋ ಕೇಳಲು ಬಂದ ಹುಡುಗಿಯೊಬ್ಬಳು ಅಂಗಡಿಯ ಮೆಟ್ಟಿಲ ಮೇಲೆ ಕೂತು ಅತ್ತಿದ್ದನ್ನು ಮನೀಷಾ ನೋಡಿದಳು. ಇಟ್ಟುಕೊಳ್ಳುವುದು ಅಂದರೆ ಎಲ್ಲಿಯೋ ಒಂದು ಕಡೆ ತುರುಕುವುದಲ್ಲ, ಎಲ್ಲೆಲ್ಲಿ ಇಡಬೇಕು ಎಂದು ಯೋಚಿಸುವುದು ಎಂಬುದು ಅಂದು ಅವಳ ತಲೆಯಲ್ಲಿ ಕೂತಿತು. ಹಾಲು ಸಂಘದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ಖಾಲಿಯಿದೆ ಎಂದು ತಿಳಿದಾಗ ಅವಳು ಅರ್ಜಿ ಹಾಕಿದ್ದು ಅದೇ ಹುರುಪಿನಲ್ಲಿ.

ಸಂಘಕ್ಕೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಐದೂ ಕಡೆ ಹಾಲು ತಂಪು ಮಾಡುವ ಕೇಂದ್ರಗಳಿದ್ದವು. ಸದಸ್ಯರ ಪ್ರತಿ ಆಕಳು, ಪ್ರತಿ ಎಮ್ಮೆಯ ಕಿವಿಯಲ್ಲೂ ಹಳದಿ ಬಿಲ್ಲೆ. ಬಿಲ್ಲೆಯ ಮೇಲಿನ ಸಂಖ್ಯೆಯನ್ನು ಫೋನಿನಲ್ಲಿ ತೋರಿಸಿದರೆ ಸಾಕು, ಆ ದನದ ಫೋಟೊ, ಮಾಲೀಕರ ಹೆಸರು, ಹಾಕಿದ ಲಸಿಕೆ, ಬಂದುಹೋದ ಬೇನೆ, ಹಾಕಿದ ಕರು, ಎಲ್ಲ ಕಾಣುತ್ತಿತ್ತು. ಈ ಮಾಹಿತಿಯನ್ನು ಇಟ್ಟಿದ್ದು ಐದು ಸರ್ವರ್‌ಗಳಲ್ಲಿ, ಒಂದೊಂದು ಕೇಂದ್ರದಲ್ಲಿ ಒಂದೊಂದು. ಹಾಲಿನ ಟ್ಯಾಂಕಿನ ಪಕ್ಕದ ಪುಟ್ಟ ಕೋಣೆಯಲ್ಲಿ ಗುಂಯ್‌ಗುಡುತ್ತಿದ್ದ ಆ ಪೆಟ್ಟಿಗೆಯನ್ನು ಎಲ್ಲರೂ "ಮಷೀನು" ಎನ್ನುತ್ತಿದ್ದರು. ಹಂಚಿಕೆ ಸರಳವಾಗಿತ್ತು: ಯಾವ ತಾಲೂಕಿನ ದನವೋ ಆ ತಾಲೂಕಿನ ಮಷೀನು.

ಮನೀಷಾ ಸೇರಿದ ವರ್ಷ ರಾಯಬಾಗ ತಾಲೂಕಿನಲ್ಲಿ ಕಾಲುಬಾಯಿ ಬೇನೆಯ ಲಸಿಕೆ ಶುರುವಾಯಿತು. ಡಾಕ್ಟರರು ಊರೂರಿಗೆ ಹೋಗಿ ದನಗಳನ್ನು ಸಾಲಾಗಿ ನಿಲ್ಲಿಸಿ ಬಿಲ್ಲೆಗೆ ಫೋನು ಹಿಡಿದರು. ಫೋನಿನಲ್ಲಿ ಚಕ್ರ ತಿರುಗುತ್ತಲೇ ಇತ್ತು, ಎಮ್ಮೆ ಕಾಣಲಿಲ್ಲ. ಕೊಟ್ಟಿಗೆಯಿಂದ ಬಿಚ್ಚಿ ತಂದ ದನಗಳು ಬಿಸಿಲಿನಲ್ಲಿ ಒದ್ದಾಡಿದವು, ಜನ ಬೈದರು. ಮನೀಷಾ ಚಿಕ್ಕೋಡಿಯಲ್ಲಿ ತನ್ನ ಪರದೆ ನೋಡಿದಳು. ಐದು ಮಷೀನುಗಳ ದುಡಿಮೆಯನ್ನು ತೋರಿಸುವ ಐದು ಕಂಬಗಳು ಅಲ್ಲಿದ್ದವು. ರಾಯಬಾಗದ ಕಂಬ ಕೆಂಪಾಗಿ ಮೇಲಿನ ಅಂಚನ್ನು ಮುಟ್ಟಿತ್ತು. ನಿಪ್ಪಾಣಿಯದು ನೆಲಕ್ಕೆ ಅಂಟಿಕೊಂಡು ಹಸಿರಾಗಿ ಮಲಗಿತ್ತು.

"ಇದು ರಿಪೇರಿ ಕೆಲಸ ಅಲ್ಲ, ಹಂಚೂ ಕೆಲಸ!" ಎಂದು ಅವಳು ಕೂಗಿಕೊಂಡೇ ಎದ್ದಳು.

ಮರುದಿನವೇ ಆಡಳಿತ ಮಂಡಳಿಯ ಸಭೆ. ಅಧ್ಯಕ್ಷ ತವನಪ್ಪ ದಿಗ್ಗೇವಾಡಿಯ ಜೈನ ರೈತ. ಕಬ್ಬು, ಅರಿಶಿನ, ಕೊಟ್ಟಿಗೆ ತುಂಬ ಎಮ್ಮೆ. ಸೂರ್ಯ ಮುಳುಗುವ ಮೊದಲು ಊಟ ಮುಗಿಸುವವರಾದ್ದರಿಂದ ಅವರ ಸಭೆಗಳು ಎಳೆದಾಡದೆ ಮುಗಿಯುತ್ತಿದ್ದವು. ಅವರ ಅನುಮಾನಗಳು ಮಾತ್ರ ಅಷ್ಟು ಬೇಗ ಮುಗಿಯುವಂಥವಲ್ಲ.

"ನಮ್ಮ ತಾಲೂಕಿನ ದನದ ಮಾಹಿತಿ ನಮ್ಮ ತಾಲೂಕಿನ್ಯಾಗ ಇರಬೇಕು ತಂಗಿ," ಎಂದರು ಅವರು. "ದಿಗ್ಗೇವಾಡಿ ಎಮ್ಮಿ ಯಾಕ ನಿಪ್ಪಾಣಿಗೆ ಹೋಗಿ ಕೂಡಬೇಕು?"

ಸಭೆಯಲ್ಲಿದ್ದವರು ನಕ್ಕರು. ಮನೀಷಾಳೂ ನಕ್ಕಳು.

"ಎಮ್ಮಿ ಹೋಗೂದಿಲ್ರಿ ಕಾಕಾ, ಅದರ ಮಾಹಿತಿ ಹೋಗತೈತಿ. ಈಗ ಏನಾಗೈತಿ ನೋಡ್ರಿ. ರಾಯಬಾಗ ಮಷೀನು ದುಡದು ದುಡದು ಬಿದ್ದೈತಿ, ನಿಪ್ಪಾಣಿದು ಆರಾಮ ಕುಂತೈತಿ. ನಿಮ್ಮ ಕಬ್ಬು ಕಡಿಯಾಕ ಬಂದ ಗ್ಯಾಂಗಿನ್ಯಾಗ ಒಬ್ಬಾಂವ ಅಷ್ಟ ಕಡದು, ಉಳದವರೆಲ್ಲ ಬದುವಿನ ಮ್ಯಾಲ ಕುಂತರ ನೀವು ಬಿಡತೀರೇನ್ರಿ?"

"ಬಿಡೂದಿಲ್ಲ, ಖರೇ." ತವನಪ್ಪ ಕನ್ನಡಕ ತೆಗೆದು ಒರೆಸಿದರು. "ಆದ್ರ ಇಂಟರ್ನೆಟ್ ಲೈನ್ ಹರಿದ್ರ? ಹೋದ ವರ್ಷ ರಸ್ತಾ ಅಗಿಯೂಮುಂದ ನಿಪ್ಪಾಣಿ ಲೈನ್ ಹರದಿತ್ತು. ಅವತ್ತ ನನ್ನ ಎಮ್ಮಿ ಮಾಹಿತಿ ನಿಪ್ಪಾಣ್ಯಾಗ ಇದ್ದು, ಎಮ್ಮಿ ಆರಾಮ ತಪ್ಪಿದ್ರ, ಡಾಕ್ಟರ್ ಯಾರನ್ನ ಕೇಳಬೇಕು?"

ಮನೀಷಾ ಆ ಪ್ರಶ್ನೆಯನ್ನು ತನ್ನ ವಹಿಯಲ್ಲಿ ಬರೆದುಕೊಂಡಳು. "ಬರೋಬರಿ ಕೇಳಿದ್ರಿ," ಎಂದಳು. "ಸ್ವಲ್ಪ ದಿವಸ ಕೊಡ್ರಿ. ಉತ್ತರ ತರತೀನಿ."

ಉತ್ತರ ಹುಡುಕಿದ ಆ ದಿನಗಳಲ್ಲಿ ಅವಳು ರೊಟ್ಟಿ ತಿನ್ನುವುದನ್ನೂ ಮರೆತಳು. ತಟ್ಟೆಯ ಮುಂದೆ ಕೂತು ಝುಣಕದಲ್ಲಿ ಬೆರಳಿನಿಂದ ಐದು ಗುಂಪು ಮಾಡಿ, ಒಂದರಿಂದ ಇನ್ನೊಂದಕ್ಕೆ ಚೂರುಚೂರು ಸರಿಸುತ್ತಿದ್ದಳು. "ಅಗ, ತಿನ್ನೂದು ಆಡೂದು ಎರಡೂ ಒಂದ ಏನ?" ಎಂದು ಶೇವಂತಾ ಗದರಿದಳು. ಮಗಳು ತಲೆ ಎತ್ತಿ, "ಆಯಿ, ಒಂದೊಂದು ದನದ ಮಾಹಿತಿ ಮೂರ ಊರಾಗ ಇಡತೀನಿ! ಒಂದ ಊರು ಕಣ್ಣು ಮುಚ್ಚಿದ್ರ ಎರಡು ಊರು ನೋಡತಾವ!" ಎಂದಳು. ಶೇವಂತಾಳಿಗೆ ಅರ್ಥವಾದದ್ದು ಮಗಳು ಇನ್ನು ಊಟ ಮಾಡುತ್ತಾಳೆ ಎಂಬುದಷ್ಟೇ. ಮತ್ತೊಂದು ರೊಟ್ಟಿ ಹಾಕಿದಳು.

ಮಂಡಳಿ ಒಪ್ಪಿತು. ತವನಪ್ಪನವರೂ ಒಪ್ಪಿದರು, ಆದರೆ ಅರೆಮನಸ್ಸಿನಿಂದ.

ಹೊಸ ಹಂಚಿಕೆಯಲ್ಲಿ ತಾಲೂಕಿನ ಮಾತಿರಲಿಲ್ಲ. ಬಿಲ್ಲೆಯ ಸಂಖ್ಯೆಯನ್ನು ಒಂದು ಲೆಕ್ಕಕ್ಕೆ ಕೊಟ್ಟರೆ ಆ ಮಾಹಿತಿ ಯಾವ ಊರಿನಲ್ಲಿರಬೇಕು ಎಂದು ಆ ಲೆಕ್ಕವೇ ಹೇಳುತ್ತಿತ್ತು. ಒಂದೇ ಕೊಟ್ಟಿಗೆಯ ಎರಡು ಎಮ್ಮೆಗಳಲ್ಲಿ ಒಂದರ ಮನೆ ಅಥಣಿ, ಇನ್ನೊಂದರದು ನಿಪ್ಪಾಣಿ ಆಗಬಹುದು. ಹೀಗಾಗಿ ಒಂದು ಊರಿನಲ್ಲಿ ಲಸಿಕೆ ಶುರುವಾದರೂ ಕೆಲಸ ಐದೂ ಮಷೀನುಗಳಿಗೆ ತಾನಾಗಿ ಹರಿದು ಹಂಚಿಹೋಗುತ್ತದೆ. ಪ್ರತಿ ದನಕ್ಕೂ ಒಂದು ಮುಖ್ಯ ಮನೆ. ಅದಲ್ಲದೆ ಇನ್ನೆರಡು ಊರುಗಳಲ್ಲಿ ಆಪತ್ತಿಗೆಂದು ಇಟ್ಟ ನಕಲು.

ಕಷ್ಟವಿದ್ದದ್ದು ಸ್ಥಳಾಂತರದಲ್ಲಿ. ಡೇರಿ ಒಂದು ಹೊತ್ತೂ ನಿಲ್ಲುವಂತಿಲ್ಲ. ಓಡುತ್ತಿರುವ ಬಸ್ಸಿನ ಗಾಲಿ ಬದಲಿಸಿದಂತೆ ಎಂದು ತಂದೆ ಜ್ಞಾನದೇವ ಹೇಳಿ ನಕ್ಕ. ಐದೂ ಕೇಂದ್ರಗಳ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಅಥಣಿಯ ಸಮ್ಮೇದ ಮೋಟಾರ್ ಸೈಕಲ್ಲಿನ ಮೇಲೆ ಊರಿಂದ ಊರಿಗೆ ಓಡಾಡಿದ. ಮನೀಷಾ ಚಿಕ್ಕೋಡಿಯಲ್ಲಿ ಕೂತು ಮಾಹಿತಿಯನ್ನು ಸಣ್ಣ ಸಣ್ಣ ಗಂಟುಗಳಾಗಿ ಕಟ್ಟಿದಳು. ಒಂದು ಗಂಟನ್ನು ಹೊಸ ಊರಿಗೆ ನಕಲಿಸುವುದು, ಎರಡೂ ಒಂದೇ ಎಂದು ಖಾತ್ರಿ ಮಾಡಿಕೊಳ್ಳುವುದು, ಆಮೇಲೆ ವಿಳಾಸ ಬದಲಿಸುವುದು, ಕೊನೆಗೆ ಹಳೆಯದನ್ನು ಅಳಿಸುವುದು. ಹಾಲು ಹಾಕಲು ಬಂದ ಹೆಂಗಸರು ಕ್ಯಾನು ಇಳಿಸುತ್ತಿದ್ದಾಗಲೇ ಅವರ ಎಮ್ಮೆಗಳ ಮಾಹಿತಿ ಊರು ಬದಲಿಸುತ್ತಿತ್ತು. ಯಾರಿಗೂ ಗೊತ್ತಾಗಲಿಲ್ಲ. ಕೊನೆಯ ಗಂಟು ಕಾಗವಾಡ ಮುಟ್ಟಿದ ಮಧ್ಯಾಹ್ನ ಪರದೆಯ ಮೇಲಿನ ಐದೂ ಕಂಬಗಳು ಒಂದೇ ಎತ್ತರಕ್ಕೆ ಬಂದು ನಿಂತವು. ಮನೀಷಾ ಮೇಜನ್ನು ಎಷ್ಟು ಜೋರಾಗಿ ಬಡಿದಳೆಂದರೆ ಮೇಜಿನ ಮೇಲಿದ್ದ ಚಹಾ ಚೆಲ್ಲಿತು.

ಆ ಸಂಭ್ರಮ ಸುಗ್ಗಿಯವರೆಗೂ ಬಾಳಲಿಲ್ಲ.

ಒಂದು ಬೆಳಿಗ್ಗೆ ಚಿಕ್ಕೋಡಿಯ ಕಂಬ, ಅಂದರೆ ಅವಳ ಪಕ್ಕದ ಕೋಣೆಯಲ್ಲೇ ಇದ್ದ ಮಷೀನು, ಕೆಂಪಗಾಯಿತು. ಉಳಿದ ನಾಲ್ಕೂ ಹಸಿರು. ತವನಪ್ಪನವರ ಫೋನು ತಕ್ಷಣ ಬಂತು.

"ಯಾಕ ತಂಗಿ, ಎಲ್ಲಾ ಸಮ ಹಂಚೀನಿ ಅಂದಿದ್ದಿ?"

"ಹಂಚೀನ್ರಿ ಕಾಕಾ! ದನ ಐದೂ ಊರಿಗೆ ಸಮ ಅದಾವ. ಆದ್ರ ಏನೋ ಆಗೈತಿ, ನೋಡತೀನ್ರಿ."

ಅವಳು ಚಿಕ್ಕೋಡಿಯ ಮಷೀನಿಗೆ ಜನರ ಫೋನುಗಳಿಂದ ಬರುತ್ತಿದ್ದ ಕೇಳಿಕೆಗಳನ್ನು ಒಂದೊಂದಾಗಿ ನೋಡಿದಳು. ಮತ್ತೆ ಮತ್ತೆ ಒಂದೇ ಸಂಖ್ಯೆ. ಆ ಬಿಲ್ಲೆ ಯಾರದೆಂದು ತೆಗೆದು ನೋಡಿದಾಗ ಪರದೆಯ ತುಂಬ ಒಂದು ಕರಿ ಮುಖ, ಸುರುಳಿ ಕೋಡು, ಗತ್ತಿನ ಕಣ್ಣು. ಮಂಗಸೂಳಿಯ ಸುರಜ ಸಾಕಿದ ಮುರ್ರಾ ತಳಿಯ ಕೋಣ, ಹೆಸರು ಸರದಾರ. ಅದರ ತಳಿ ಚೆನ್ನಾಗಿದೆ ಎಂದು ಐದೂ ತಾಲೂಕಿನವರು ತಮ್ಮ ಎಮ್ಮೆಗಳಿಗೆ ಗಬ್ಬ ಕಟ್ಟಿಸಲು ಅದರದ್ದೇ ವೀರ್ಯದ ಸೂಜಿ ಹಾಕಿಸಿದ್ದರು. ಈಗ ಅದರ ಕರುಗಳು ಎಲ್ಲ ಕಡೆ. ಯಾವ ಕರುವಿನ ಪುಟ ತೆರೆದರೂ ಅಪ್ಪನ ಫೋಟೊ, ಅಪ್ಪನ ವಿವರ ಕಾಣಬೇಕು. ಅಷ್ಟೂ ಜನ ಒಂದೇ ಮಷೀನಿನ ಬಾಗಿಲು ಬಡಿಯುತ್ತಿದ್ದರು.

ಮನೀಷಾ ಬಿದ್ದು ಬಿದ್ದು ನಕ್ಕಳು. ಸಮ್ಮೇದನಿಗೆ ಫೋನು ಮಾಡಿ, "ಒಂದ ಕೋಣ ನಮ್ಮ ಸರ್ವರ್ ಕೆಡವೈತಿ!" ಎಂದಳು. ಆಮೇಲೆ ನಗು ನಿಂತು ಯೋಚನೆ ಶುರುವಾಯಿತು. ದನಗಳನ್ನು ಸಮವಾಗಿ ಹಂಚಿದರೆ ಕೆಲಸವೂ ಸಮವಾಗುತ್ತದೆ ಎಂದುಕೊಂಡಿದ್ದಳು. ಎಲ್ಲ ದನಗಳನ್ನೂ ಜನ ಒಂದೇ ಸಮ ಕೇಳುವುದಿಲ್ಲವಲ್ಲ!

ಆ ಭಾನುವಾರ ಅವಳು ಮಂಗಸೂಳಿಗೆ ಹೋದಳು. ಕೋಣವನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬ ಹಂಬಲ, ಬೇರೆ ಕಾರಣವಿರಲಿಲ್ಲ. ಸುರಜ ಸರದಾರನ ಮೈಗೆ ಎಣ್ಣೆ ಹಚ್ಚುತ್ತಿದ್ದ. ಸರದಾರ ತನ್ನಿಂದ ಚಿಕ್ಕೋಡಿಯಲ್ಲಿ ಏನಾಗಿದೆ ಎಂಬ ಪರಿವೆಯಿಲ್ಲದೆ ಮೇವು ಅಗಿಯುತ್ತಿತ್ತು.

"ಫೋಟೋ ತಗೀತೀರೇನ್ರಿ ಮೇಡಮ್?" ಎಂದು ಸುರಜ ಹೆಮ್ಮೆಯಿಂದ ಕೇಳಿದ.

"ಬ್ಯಾಡ್ರಿ! ಇದ್ದ ಫೋಟೊನ ಹೊರಾಕ ಆಗವಲ್ಲದು!"

ಬಸ್ಸಿಗಾಗಿ ಅವಳು ಮಲ್ಲಯ್ಯನ ಗುಡಿಯ ಹತ್ತಿರ ನಿಂತಳು. ಬಸ್ಸಿನಿಂದ ಇಳಿದ ಭಕ್ತರು ಭಂಡಾರದ ಅರಿಶಿನ, ತೆಂಗಿನಕಾಯಿ ಕೊಳ್ಳಲು ಅಂಗಡಿಗಳ ಕಡೆ ಹೊರಟರು. ಅಂಗಡಿಗಳು ಸಾಲಾಗಿದ್ದವು. ಎಲ್ಲ ಅಂಗಡಿಗಳನ್ನೂ ನೋಡಿ ಎಲ್ಲಿ ಜನ ಕಡಿಮೆ ಎಂದು ಎಣಿಸುವ ತಾಳ್ಮೆ ಯಾರಿಗೂ ಇರಲಿಲ್ಲ. ಎದುರಿಗೆ ಬಿದ್ದ ಎರಡು ಅಂಗಡಿ ನೋಡುವುದು, ಎರಡರಲ್ಲಿ ಗದ್ದಲ ಕಡಿಮೆಯಿದ್ದಲ್ಲಿಗೆ ಹೋಗುವುದು, ಅಷ್ಟೇ. ಅಷ್ಟರಲ್ಲೇ ಇಡೀ ಸಾಲು ಸಮನಾಗಿ ತುಂಬಿಕೊಂಡು ಸಾಗುತ್ತಿತ್ತು. ಕೆಲಸ ಹಂಚುವ ಈ ಉಪಾಯವನ್ನು ಮನೀಷಾ ಒಂದು ಆನ್‌ಲೈನ್ ತರಗತಿಯಲ್ಲಿ ಕೇಳಿದ್ದಳು. ಆಗ ಅದು ಬರೀ ಗಣಿತವಾಗಿತ್ತು. ಈಗ ಅದು ಅರಿಶಿನ ಮೆತ್ತಿದ ಕೈಗಳಿಂದ ಕಣ್ಣೆದುರೇ ನಡೆಯುತ್ತಿತ್ತು. ಬಂದ ಬಸ್ಸನ್ನು ಬಿಟ್ಟು ಇನ್ನೊಂದು ಬಸ್ಸು ಬರುವವರೆಗೂ ಅವಳು ಅಲ್ಲೇ ನಿಂತು ನೋಡಿದಳು.

ಚಿಕ್ಕೋಡಿಗೆ ಮರಳಿದವಳೇ ನಿಯಮ ಬದಲಿಸಿದಳು. ಆಪತ್ತಿಗೆಂದು ಸುಮ್ಮನೆ ಇಟ್ಟಿದ್ದ ನಕಲುಗಳೂ ಇನ್ನು ಮುಂದೆ ಉತ್ತರ ಕೊಡಬೇಕು. ಕೇಳಿಕೆ ಬಂದಾಗ ಆ ಮಾಹಿತಿ ಇರುವ ಊರುಗಳಲ್ಲಿ ಯಾವುದಾದರೂ ಎರಡನ್ನು ನೋಡಿ, ಕೆಲಸ ಕಡಿಮೆಯಿರುವುದಕ್ಕೆ ಕಳಿಸಬೇಕು. ಸರದಾರನಂಥ ಪ್ರಸಿದ್ಧರು ಐದೂ ಊರುಗಳಲ್ಲಿ ಇರಬೇಕು. ಮತ್ತೆ ಮಷೀನುಗಳೆಲ್ಲ ಒಂದೇ ಶಕ್ತಿಯವಲ್ಲ. ಕಾಗವಾಡದ್ದು ಹಳೆಯದು, ಅದಕ್ಕೆ ಸಣ್ಣ ಪಾಲು. ನಿಪ್ಪಾಣಿಯದು ಹೊಸದು, ಅದಕ್ಕೆ ದೊಡ್ಡ ಪಾಲು. ಚಿಕ್ಕೋಡಿಯ ಕಂಬ ಇಳಿಯಿತು. ಸರದಾರನ ಮುಖ ಯಾರ ಫೋನಿನಲ್ಲೂ ತಡವಾಗಿ ಮೂಡಲಿಲ್ಲ.

ನಿಜವಾದ ಪರೀಕ್ಷೆ ಬಂದದ್ದು ಮುಂದಿನ ಮಳೆಗಾಲದಲ್ಲಿ.

ಘಟ್ಟದ ಮೇಲೆ ಬಿಡದೆ ಮಳೆ ಸುರಿಯಿತು. ಮೇಲಿನ ಅಣೆಕಟ್ಟುಗಳಿಂದ ನೀರು ಬಿಟ್ಟರು, ಕೃಷ್ಣೆ ಉಬ್ಬಿ ಕಬ್ಬಿನ ಗದ್ದೆಗಳೊಳಗೆ ನುಗ್ಗಿದಳು. ನದಿದಂಡೆಯ ಹಳ್ಳಿಗಳಿಂದ ಜನರನ್ನೂ ದನಗಳನ್ನೂ ಟ್ರ್ಯಾಕ್ಟರಿನಲ್ಲಿ, ದೋಣಿಯಲ್ಲಿ ಎತ್ತರದ ಶಾಲೆಗಳಿಗೆ ಸಾಗಿಸಿದರು. ಶಾಲೆಯ ಅಂಗಳಗಳಲ್ಲಿ ನಾಲ್ಕಾರು ಊರಿನ ದನಗಳು ಬೆರೆತುಹೋದವು. ಯಾವ ಎಮ್ಮೆ ಯಾರದ್ದು, ಯಾವುದಕ್ಕೆ ಏನು ಔಷಧ, ಯಾವುದು ಗಬ್ಬ, ಎಲ್ಲದಕ್ಕೂ ಬಿಲ್ಲೆಯೊಂದೇ ಗತಿ. ಡಾಕ್ಟರರು, ಡೇರಿ ಕಾರ್ಯದರ್ಶಿಗಳು, ತಮ್ಮ ದನ ಹುಡುಕುವ ರೈತರು, ಎಲ್ಲರೂ ಒಟ್ಟಿಗೆ ಫೋನು ಹಿಡಿದರು. ಪರದೆಯ ಮೇಲೆ ಐದೂ ಕಂಬಗಳು ಹಿಂದೆಂದೂ ಕಾಣದಷ್ಟು ಎತ್ತರಕ್ಕೆ ಏರಿದವು. ಆದರೆ ಒಟ್ಟಿಗೇ ಏರಿದವು. ಮನೀಷಾ ಕುರ್ಚಿಯ ಮೇಲೆ ಕೂಡಲಾರದೆ ನಿಂತೇ ಕೆಲಸ ಮಾಡಿದಳು.

ಬೆಳಗಿನ ಹೊತ್ತು ರಾಯಬಾಗ ಕೇಂದ್ರದಿಂದ ತವನಪ್ಪ ಫೋನು ಮಾಡಿದರು. ತಮ್ಮ ಊರಿನವರನ್ನು ಶಾಲೆಗೆ ಸೇರಿಸಿ ಅವರು ನೇರ ಕೇಂದ್ರಕ್ಕೆ ಬಂದಿದ್ದರು. ಹಿನ್ನೆಲೆಯಲ್ಲಿ ಜನರೇಟರು ಕೆಮ್ಮುತ್ತಿತ್ತು.

"ತಂಗಿ, ಕರೆಂಟ್ ಹೋಗೈತಿ. ಡೀಸೆಲ್ ಗಾಡಿ ನೀರಾಗ ಸಿಕ್ಕೊಂಡೈತಿ. ಜನರೇಟರ್ ಎಲ್ಲಾನೂ ಎಳಿಯಾಕ ಒಲ್ಲದು. ಹಾಲಿನ ಟ್ಯಾಂಕು, ಲಸಿಕಿ ಫ್ರಿಜ್ಜು, ನಿನ್ನ ಮಷೀನು. ಯಾವುದನ್ನ ಬಿಡ್ಲಿ?"

ಮನೀಷಾ ಕಂಬಗಳನ್ನು ನೋಡಿದಳು. ಒಂದು ಬಿದ್ದರೆ ಅದರ ಭಾರ ನಾಲ್ಕರ ಮೇಲೆ ಬೀಳುತ್ತದೆ. ನಾಲ್ಕೂ ಈಗಾಗಲೇ ಉಸಿರು ಬಿಗಿಹಿಡಿದಿವೆ. ಹೊರಲಾರದೆ ಇನ್ನೊಂದು ಬಿದ್ದರೆ ಮೂರು, ಆಮೇಲೆ ಎರಡು, ಆಮೇಲೆ ಎಲ್ಲ ಕತ್ತಲೆ. ಆದರೆ ಟ್ಯಾಂಕು ನಿಂತರೆ ಹಾಲು ಕೆಡುತ್ತದೆ, ಲಸಿಕೆ ಬೆಚ್ಚಗಾದರೆ ನಾಳೆ ಆ ಶಾಲೆಗಳಲ್ಲಿ ಬೇನೆ ಹಬ್ಬುವುದನ್ನು ತಡೆಯುವವರಿಲ್ಲ.

"ಮಷೀನು ಬಂದ್ ಮಾಡ್ರಿ ಕಾಕಾ."

ತವನಪ್ಪ ಜನರೇಟರಿನ ಸದ್ದಿನ ಮೇಲೆ ದನಿ ಏರಿಸಿದರು.

"ನಮ್ಮ ತಾಲೂಕಿನ ಅರ್ಧ ದನ ನೀರಿನ್ಯಾಗ ಅದಾವ. ಈಗ ನಮ್ಮ ಮಷೀನ ಬಂದ್ ಮಾಡಂತೀಯೇನ?"

"ಅವು ನಿಮ್ಮ ಮಷೀನಿನ್ಯಾಗ ಅಷ್ಟ ಇಲ್ರಿ. ಅಥಣ್ಯಾಗ ಅದಾವ, ನಿಪ್ಪಾಣ್ಯಾಗ ಅದಾವ, ಇಲ್ಲೂ ಅದಾವ, ಕಾಗವಾಡದಾಗೂ ಅದಾವ. ನಾಲ್ಕು ಊರು ಕೂಡಿ ಹೊರತಾವ. ನನ್ನ ಮ್ಯಾಲ ಭರೋಸಾ ಇಡ್ರಿ."

"ಗುಂಡಿ ಒತ್ತಲೇನ?"

"ತಡೀರಿ! ಹಂಗ ಪಟಕನ ಒತ್ತಬ್ಯಾಡ್ರಿ!"

ಅವಳು ಮೊದಲು ರಾಯಬಾಗಕ್ಕೆ ಹೊಸ ಕೇಳಿಕೆಗಳು ಹೋಗುವುದನ್ನು ನಿಲ್ಲಿಸಿದಳು. ಈಗಾಗಲೇ ಒಳಗೆ ಹೋದವು ತಮ್ಮ ಉತ್ತರ ತೆಗೆದುಕೊಂಡು ಹೊರಬರಲಿ ಎಂದು ಕಾದಳು. ರಾಯಬಾಗದ ಕಂಬ ಇಳಿಯಿತು, ಇನ್ನೂ ಇಳಿಯಿತು, ನೆಲಕ್ಕೆ ಮುಟ್ಟಿತು.

"ಈಗ ಒತ್ತ್ರಿ ಕಾಕಾ!"

ತವನಪ್ಪ ಒತ್ತಿದರು. ಪರದೆಯ ಮೇಲೆ ರಾಯಬಾಗ ಬೂದು ಬಣ್ಣಕ್ಕೆ ತಿರುಗಿತು. ಉಳಿದ ನಾಲ್ಕು ಕಂಬಗಳು ಒಮ್ಮೆಲೇ ಜಿಗಿದವು. ನಿಪ್ಪಾಣಿ ತಡೆಯಿತು. ಅಥಣಿ ತಡೆಯಿತು. ಚಿಕ್ಕೋಡಿಯ ಮಷೀನಿನ ಫ್ಯಾನು ಗೋಡೆಯಾಚೆಯಿಂದ ಕೇಳುವಷ್ಟು ಜೋರಾಗಿ ಕೂಗಿತು, ಆದರೆ ತಡೆಯಿತು. ಕಾಗವಾಡ ಕೆಂಪಾಯಿತು.

ಸಮ್ಮೇದ ಅವತ್ತು ಕಾಗವಾಡದಲ್ಲೇ ಇದ್ದ. ಮನೀಷಾ ಫೋನಿನಲ್ಲಿ ಕೂಗಿದಳು, "ಸಮ್ಮೇದಣ್ಣ, ಮಷೀನಿಗೆ ಗಾಳಿ ಹೆಚ್ಚಿಗಿ ಕೊಡ್ರಿ, ಲಗೂನ!"

"ಕ್ವಾಣಿ ಬಾಗಲಾ ತಗದೀನಿ, ಆಫೀಸಿನ ಟೇಬಲ್ ಫ್ಯಾನೂ ತಂದು ಹಚ್ಚೀನಿ. ಇನ್ನ ನಾನು ಊದಬೇಕು ಅಷ್ಟ!"

"ಊದೂದು ಬ್ಯಾಡ, ನಾ ಅದರ ಪಾಲು ಕಡಿಮಿ ಮಾಡತೀನಿ!"

ಅವಳು ಕಾಗವಾಡದ ಪಾಲನ್ನು ಚೂರು ಇಳಿಸಿ ನಿಪ್ಪಾಣಿಗೆ ಏರಿಸಿದಳು. ಕೆಂಪು ಹೋಗಲಿಲ್ಲ. ಇನ್ನೂ ಚೂರು ಇಳಿಸಿದಳು. ನಿಪ್ಪಾಣಿಯ ಕಂಬ ಏರುತ್ತ ಏರುತ್ತ ಅಂಚಿನ ಹತ್ತಿರ ಹೋಯಿತು. ಇಡೀ ಕಚೇರಿ ಅವಳ ಹಿಂದೆ ಬಂದು ನಿಂತಿತ್ತು. ಹಾಲಿನ ಗಾಡಿಯ ಡ್ರೈವರು, ಹಾಲಿನ ಫ್ಯಾಟು ಅಳೆಯುವ ಹೆಂಗಸು, ಎಲ್ಲರೂ. ಕಾಗವಾಡದ ಕೆಂಪು ಕೇಸರಿಯಾಯಿತು, ಕೇಸರಿ ಹಳದಿಯಾಯಿತು. ನಾಲ್ಕೂ ಕಂಬಗಳು ಎತ್ತರದಲ್ಲೇ, ಆದರೆ ಅಲುಗದೆ ನಿಂತವು.

"ಹೊತ್ತಾವ!" ಎಂದು ಅವಳು ಕಿರುಚಿದಳು. "ನಾಲ್ಕೂ ಹೊತ್ತಾವ!" ಮೇಜು ಬಡಿದಳು. ಈ ಸಲ ಅವಳೊಬ್ಬಳೇ ಬಡಿಯಲಿಲ್ಲ. ಡ್ರೈವರೂ ಬಡಿದ.

ಅದೇ ದಿನ ಮಧ್ಯಾಹ್ನ ರಾಯಬಾಗದ ಶಾಲೆಯೊಂದರಲ್ಲಿ ದಿಗ್ಗೇವಾಡಿಯ ಕಮಲಾಬಾಯಿ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. ತವನಪ್ಪನವರ ಓಣಿಯವಳೇ, ಒಂಟಿ ಹೆಂಗಸು, ಚಂದ್ರಿ ಎಂಬ ಒಂದೇ ಎಮ್ಮೆ. ನೀರು ಏರಿದಾಗ ಚಂದ್ರಿಯ ಹಗ್ಗ ಹರಿದು, ಪ್ರವಾಹ ಅದನ್ನು ಎಳೆದುಕೊಂಡು ಹೋಗಿತ್ತು. ಅದು ತಲೆ ಮೇಲೆತ್ತಿ ಈಜುತ್ತ ದೂರವಾಗುವುದನ್ನು ಅವಳು ಟ್ರ್ಯಾಕ್ಟರಿನಿಂದ ನೋಡಿದ್ದಳು. ಕೇಂದ್ರದಿಂದ ಬಂದ ತವನಪ್ಪ ಅವಳ ಪಕ್ಕದಲ್ಲೇ ಕೂತಿದ್ದರು.

ಅವಳ ಫೋನು ಸದ್ದು ಮಾಡಿತು. ಆ ದಡದ, ಅಥಣಿ ಕಡೆಯ ಒಂದು ಶಿಬಿರದಿಂದ ದನದ ಡಾಕ್ಟರ್ ಅಪೂರ್ವ ಮಾತಾಡಿದಳು.

"ದಿಗ್ಗೇವಾಡಿ ಕಮಲಾಬಾಯಾರ ಏನ್ರಿ? ನಿಮ್ಮ ಎಮ್ಮಿ ಇಲ್ಲಿ ದಂಡಿಗೆ ಹತ್ತೈತ್ರಿ. ಹಣಿ ಮ್ಯಾಲ ಬಿಳಿ ಚುಕ್ಕಿ. ಬಿಲ್ಲೆ ನೋಡಿದ್ವಿ, ನಿಮ್ಮ ಹೆಸರ ಬಂತು."

ಕಮಲಾಬಾಯಿ ಫೋನನ್ನು ಎರಡೂ ಕೈಯಲ್ಲಿ ಹಿಡಿದಳು. "ಅದನ್ನ ಕರೀರಿ ನಮ್ಮವ್ವಾ. ಎರಡು ಹೊತ್ತಿಂದ ಕರದಿಲ್ಲ, ಕೆಚ್ಚಲ ಬಿಗದಿರತೈತಿ. ಮುಂದಿನ ಎಡಮೊಲಿ ಬ್ಯಾನಿ ಐತಿ, ಮೆತ್ತಗ..."

"ಗೊತ್ತೈತ್ರಿ ಮಾವಶಿ. ಇಲ್ಲಿ ಕಾಣಾಕತ್ತೈತಿ. ಮೆತ್ತಗ ಕರೀತೀವಿ."

ಆಗ ಕಮಲಾಬಾಯಿ ಅತ್ತಳು. ತವನಪ್ಪ ಎದ್ದು ಅಂಗಳಕ್ಕೆ ಹೋಗಿ ಮನೀಷಾಗೆ ಫೋನು ಹಚ್ಚಿದರು. ನಡೆದದ್ದನ್ನು ಹೇಳಿ ಕೊನೆಗೆ, "ತಂಗಿ, ಆ ಎಮ್ಮಿ ಮಾಹಿತಿ ಯಾವ ಊರಾಗಿತ್ತ?" ಎಂದು ಕೇಳಿದರು.

ಅವಳು ನೋಡಿ ಹೇಳಿದಳು. "ಮುಖ್ಯ ಮನಿ ರಾಯಬಾಗ್ರಿ. ನೀವು ಬಂದ್ ಮಾಡಿದ ಮಷೀನು. ಆದ್ರ ಅಪೂರ್ವ ಡಾಕ್ಟರಿಗೆ ಉತ್ತರ ಕೊಟ್ಟದ್ದು ನಿಪ್ಪಾಣಿ."

"ನಿಪ್ಪಾಣಿ!" ಎಂದರು ತವನಪ್ಪ. ಮತ್ತೊಮ್ಮೆ, ನಗುತ್ತ, "ನಿಪ್ಪಾಣಿ ನೋಡ!"

ನೀರು ಇಳಿದ ಮೇಲೆ ರಾಯಬಾಗಕ್ಕೆ ಕರೆಂಟು ಬಂತು. ಮನೀಷಾ ಕೆಸರು ಮೆತ್ತಿದ ರಸ್ತೆಯಲ್ಲಿ ಬಸ್ಸು ಹಿಡಿದು ತಾನೇ ಹೋದಳು. ಸಮ್ಮೇದ ಮಷೀನಿನ ಧೂಳು ಒರೆಸಿ ತಯಾರಾಗಿ ನಿಂತಿದ್ದ. ಗುಂಡಿ ಒತ್ತಿದಾಗ ಹಳೆಯ ಗುಂಯ್ ಸದ್ದು ಶುರುವಾಯಿತು.

"ಇನ್ನ ಕೊಟ್ಟಬಿಡ ಅದರ ಪಾಲು," ಎಂದರು ತವನಪ್ಪ.

"ಪೂರಾ ಈಗ ಬ್ಯಾಡ್ರಿ. ಜ್ವರ ಬಿಟ್ಟವರಿಗೆ ಮೊದಲನೇ ದಿವಸನ ಹೋಳಿಗಿ ಬಡಸ್ತೀರೇನು?"

ಮಷೀನು ಮಲಗಿದ್ದಾಗ ಎಷ್ಟೋ ದನಗಳ ಮಾಹಿತಿ ಬದಲಾಗಿತ್ತು. ಹೊಸ ಲಸಿಕೆ, ಹೊಸ ಗಾಯ, ಶಾಲೆಯ ಅಂಗಳದಲ್ಲೇ ಹುಟ್ಟಿದ ಕರುಗಳು. ಮೊದಲು ಅದು ಅದನ್ನೆಲ್ಲ ಉಳಿದ ಊರುಗಳಿಂದ ಕೇಳಿ ತಿಳಿದುಕೊಂಡಿತು. ಆಮೇಲೆ ಮನೀಷಾ ಅದಕ್ಕೆ ಸ್ವಲ್ಪವೇ ಕೇಳಿಕೆ ಬಿಟ್ಟಳು. ತಡೆದುಕೊಂಡಿತು. ಇನ್ನಷ್ಟು ಬಿಟ್ಟಳು. ಒಂದು ಕಂಬ ನಿಧಾನಕ್ಕೆ ಎದ್ದಿತು, ನಾಲ್ಕು ಕಂಬಗಳು ಅಷ್ಟಷ್ಟೇ ಇಳಿದವು. ತವನಪ್ಪ ಕುರ್ಚಿ ಎಳೆದುಕೊಂಡು ಪರದೆಯ ಮುಂದೆಯೇ ಕೂತರು, ಕುಸ್ತಿ ನೋಡುವವರಂತೆ.

"ಕುಡಚಿ ಕಡಿಯವರೂ ಸಂಘಕ್ಕ ಸೇರತೀವಿ ಅನ್ನಾಕತ್ತಾರ," ಎಂದರು ಆಮೇಲೆ. "ಆರನೇ ಮಷೀನು ಬಂದ್ರ ಇದ್ದದ್ದನ್ನೆಲ್ಲ ಕಿತ್ತು ಮತ್ತ ಹಂಚಬೇಕಾಗತೈತೇನ?"

ಮನೀಷಾಳ ಕಣ್ಣುಗಳು ಹೊಳೆದವು. ಈ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದು ಅವಳು ಎಷ್ಟೋ ದಿನಗಳಿಂದ ಕಾದಿದ್ದಳು.

"ಎಲ್ಲಾ ಅಲ್ರಿ ಕಾಕಾ. ಐದೂ ಊರಿಂದ ಒಂದೊಂದು ಬೊಗಸಿ ತಗದು ಆರನೇದಕ್ಕ ಸುರುವಿದ್ರ ಸಾಕು. ಉಳದದ್ದು ಇದ್ದಲ್ಲೇ ಇರತೈತಿ. ಅದರ ಲೆಕ್ಕ ನಾ ಈಗಾಗಲೇ ಮಾಡೀನಿ."

"ಮಾಡೀಯೇನ? ಯಾರು ಕೇಳಿದ್ರು ನಿನ್ನ?"

"ಯಾರೂ ಕೇಳಿಲ್ರಿ. ಸುಮ್ನ ಕೂಡಾಕ ಆಗಲಿಲ್ಲ."

ತವನಪ್ಪ ಜೋರಾಗಿ ನಕ್ಕರು. ಸಮ್ಮೇದನಿಗೆ ಇನ್ನೊಂದು ಕುರ್ಚಿ ತರಲು ಹೇಳಿ, "ಕೂಡ ತಂಗಿ," ಎಂದರು, "ಹೆಂಗ ಸುರುವುತಿ ಅಂತ ನಮಗೂ ತಿಳಿಸಿ ಹೇಳ. ಕುಡಚಿಯವರು ಕೇಳಿದ್ರ ನಾನ ಹೇಳಬೇಕಲ್ಲ."